ಮಂಗಲೇಶನು ಗೆದ್ದಿದ್ದರೆ?

ಮಹಾಕೂಟದ ವಿಷ್ಣುಪುಷ್ಕರಿಣಿಯ ದಂಡೆಯಲ್ಲಿ ರೊಟ್ಟಿಯ ಬುತ್ತಿ ಬಿಚ್ಚಿದ್ದೆವು. "ಚಾಲುಕ್ಯ ಮಂಗಲೇಶನೇ ಗೆದ್ದಿದ್ದರೆ ಏನಾಗುತ್ತಿತ್ತು?" ಎಂದು ನಾನು ಕೇಳಿದೆ. "ಅತ್ತೆಗೆ ಮೀಸೆ ಬಂದಿದ್ದರೆ ಮಾವ ಅನ್ನಬಹುದಿತ್ತು" ಎಂದು ಗೆಳೆಯನೊಬ್ಬ ನಕ್ಕ. ಆ ನಗೆಗೆ ಉತ್ತರವಾಗಿ ಈ ನಾಲ್ಕು ಮಾತು.

'ಹೀಗಾಗಿದ್ದರೆ' ಎಂಬ ಪ್ರಶ್ನೆಯಿಂದ ಹುಟ್ಟಿದ ಸಾಹಿತ್ಯಪ್ರಕಾರವೊಂದುಂಟು. ಪರ್ಯಾಯ ಇತಿಹಾಸವೆಂದು ಅದರ ಹೆಸರು. ಅಲೆಕ್ಸಾಂಡರನು ರೋಮಿನ ಮೇಲೆ ದಂಡೆತ್ತಿ ಹೋಗಿದ್ದರೆ ಏನಾಗುತ್ತಿತ್ತೆಂದು ಇತಿಹಾಸಕಾರ ಲಿವಿಯು ಎರಡು ಸಾವಿರ ವರ್ಷಗಳ ಹಿಂದೆಯೇ ತರ್ಕಿಸಿದ್ದನು. ನೆರೆಯ ಮರಾಠಿಯಲ್ಲಿ ವಿಜ್ಞಾನಿ ಜಯಂತ ನಾರಳೀಕರರು 1761ರ ಪಾಣಿಪತ್ ಯುದ್ಧವನ್ನು ಮರಾಠರು ಗೆದ್ದ ಲೋಕವೊಂದನ್ನು ಕಥೆಯಾಗಿಸಿದರು. ಈ ಪ್ರಕಾರಕ್ಕೆ ನಿಯಮ ಒಂದೇ: ಒಂದು ಗಂಟನ್ನು ಮಾತ್ರ ಬಿಚ್ಚಬೇಕು, ಮುಂದಿನದೆಲ್ಲ ಕಾರ್ಯಕಾರಣದಿಂದ ತಾನೇ ಬಿಚ್ಚಿಕೊಳ್ಳಬೇಕು.

ಅಂಥ ಗಂಟು ಮಹಾಕೂಟದಲ್ಲಿಯೇ ಇದೆ. 602ರಲ್ಲಿ ಮಂಗಲೇಶನು ಇಲ್ಲಿ ನಿಲ್ಲಿಸಿದ ಧರ್ಮಜಯಸ್ತಂಭ ಇಂದು ವಿಜಯಪುರದ ಗೋಳಗುಮ್ಮಟದ ವಸ್ತುಸಂಗ್ರಹಾಲಯದಲ್ಲಿದೆ. ಅದರಲ್ಲಿ ಅವನು ಕಳಚುರಿ ಬುದ್ಧರಾಜನನ್ನು ಸೋಲಿಸಿದ ವೀರ. ಐಹೊಳೆಯ ಮೇಗುಟಿಯಲ್ಲಿರುವ ರವಿಕೀರ್ತಿಯ 634ರ ಶಾಸನದಲ್ಲಿಯಾದರೋ, ತನ್ನ ಮಗನಿಗೆ ಪಟ್ಟ ಕಟ್ಟಲು ಹೋಗಿ, ಅಣ್ಣನ ಮಗ ಇಮ್ಮಡಿ ಪುಲಕೇಶಿಯೊಡನೆ ಕಾದು, ರಾಜ್ಯವನ್ನೂ ಪ್ರಾಣವನ್ನೂ ಕಳೆದುಕೊಂಡವನು.

ಅವನೇ ಗೆದ್ದಿದ್ದರೆ? ನರ್ಮದೆಯಲ್ಲಿ ಹರ್ಷನನ್ನು ತಡೆಯಲು ಪುಲಕೇಶಿ ಇರುತ್ತಿರಲಿಲ್ಲ. ಪಲ್ಲವರ ಮೇಲೆ ಅವನ ದಂಡಯಾತ್ರೆಯೂ ಇಲ್ಲ. 642ರಲ್ಲಿ ನರಸಿಂಹವರ್ಮನು ಸೇಡಿಗಾಗಿ ಬಾದಾಮಿಗೆ ಬರುವುದೂ ಬಹುಶಃ ಇಲ್ಲ. ಆ ಹಗೆಯಿಲ್ಲದೆ ಎರಡನೆಯ ವಿಕ್ರಮಾದಿತ್ಯನ ಕಂಚಿಯ ವಿಜಯವಿಲ್ಲ. ಆ ವಿಜಯದ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯೂ ಇಲ್ಲ. ಬಾದಾಮಿ ಉಳಿಯುತ್ತಿತ್ತು, ಪಟ್ಟದಕಲ್ಲು ಬಡವಾಗುತ್ತಿತ್ತು!

ಇದು ಚರಿತ್ರೆಯನ್ನು ತಿರುಚುವುದಲ್ಲವೇ ಎಂದು ಕೆಲವರು ಕೇಳಬಹುದು. ಕಥೆಯೆಂದೇ ಹೇಳಿಕೊಂಡು ಬರುವ ಕಥೆ ಯಾರನ್ನೂ ವಂಚಿಸದು; ಚರಿತ್ರೆಯೆಂದು ಹೇಳಿಕೊಂಡು ಬರುವ ಬಡಾಯಿಯೇ ವಂಚಿಸುವುದು. ಮೇಲಾಗಿ, ಶಾಸನವನ್ನು ಸರಿಯಾಗಿ ಓದದವನು ಇಂಥ ಕಥೆಯನ್ನು ಬರೆಯಲಾರ.

ಇದರಿಂದ ಲಾಭವೇನು? ನಮ್ಮವ್ವ ಹೆಬ್ಬೆಟ್ಟು ಒತ್ತುವವಳು. "ಹಣ್ಯಾಗ ಬರದದ್ದು ತಪ್ಪೂದಿಲ್ಲಪಾ" ಅನ್ನುವಳು. ಏಳನೆಯ ಇಯತ್ತೆ ಮುಗಿದೊಡನೆ ನನ್ನನ್ನು ಕೂಲಿಗೆ ಕಳಿಸುವುದೆಂದು ಮನೆಯಲ್ಲಿ ನಿಶ್ಚಯವಾಗಿತ್ತು. ಒಂದು ಸಂಜೆ ಮಾಸ್ತರೊಬ್ಬರು ಬಂದು ಅಪ್ಪನೊಡನೆ ಮಾತಾಡಿದರು. ಅವರು ಅಂದು ಬಾರದಿದ್ದರೆ ಈ ಲೇಖನವಿಲ್ಲ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರೂ ಇಲ್ಲ. ಆದದ್ದೆಲ್ಲ ಆಗಲೇಬೇಕಾಗಿತ್ತು ಎಂದು ನಂಬಿದವನು ಮುಂದೆ ಆಗಬೇಕಾದುದಕ್ಕೂ ಕೈ ಹಾಕುವುದಿಲ್ಲ. ಆ ನಂಬಿಕೆಯನ್ನು ಅಲುಗಿಸುವುದೇ ಈ ಸಾಹಿತ್ಯದ ದೊಡ್ಡ ಉಪಕಾರವೆಂದು ನನ್ನ ನಮ್ರ ಅಭಿಪ್ರಾಯ.

ಬುತ್ತಿ ಹಂಚಿಕೊಂಡ ಗೆಳೆಯನೇ, ಅಂಥ ಕಥೆಯೊಂದನ್ನು ನೀನೇ ಏಕೆ ಬರೆಯಬಾರದು?