ಎಣ್ಣೆ ಪ್ಯಾಕೆಟ್ಟಿನ ಹಿಂಬದಿ ಓದಿ

ಜಿಎಂ ತರಕಾರಿ ಎಂಬ ವಾಟ್ಸಾಪ್ ಸಂದೇಶ ನೋಡಿ ಹಿಂದೂಪುರದ ಮಾರ್ಕೆಟ್ಟಿನಲ್ಲಿ ಅಮ್ಮಂದಿರು ಹೆದರಬೇಕಾಗಿಲ್ಲ. ಬಿಟಿ ಬದನೆಗೆ ಕೇಂದ್ರ ಸರ್ಕಾರ 2010ರಲ್ಲೇ ತಡೆ ಹಾಕಿತು. ಹೈಬ್ರಿಡ್ ಟೊಮೇಟೊ ಬೇರೆ, ಜಿಎಂ ಬೇರೆ (ಬಿಎಸ್ಸಿ ಓದಿದವರೂ ಇದನ್ನು ಗೊಂದಲ ಮಾಡಿಕೊಳ್ಳುತ್ತಾರೆ!).

ನೋಡಬೇಕಾದದ್ದು ಎಣ್ಣೆ. 2002ರಿಂದ ನಮ್ಮಲ್ಲಿ ಬಿಟಿ ಹತ್ತಿ ಬೆಳೆಯುತ್ತಿದ್ದಾರೆ. ಅದರ ಬೀಜದ ಎಣ್ಣೆ ಅಡುಗೆಗೂ ಬರುತ್ತದೆ. ಅರ್ಜೆಂಟೀನಾ, ಬ್ರೆಜಿಲ್‌ನಿಂದ ಬರುವ ಸೋಯಾ ಎಣ್ಣೆ ಬಹುಪಾಲು ಜಿಎಂ ಸೋಯಾದ್ದೇ. ರಿಫೈನ್ ಮಾಡಿದ ಎಣ್ಣೆಯಲ್ಲಿ ಜೀನ್, ಪ್ರೋಟೀನ್ ಉಳಿಯುವುದು ತೀರಾ ಕಡಿಮೆ, ಹಾಗಾಗಿ ಅದನ್ನು ವಿಷ ಎನ್ನಲಾರೆ. ಬೇಡ ಅನ್ನುವವರು ಪ್ಯಾಕೆಟ್ಟಿನ ಹಿಂದೆ ಹತ್ತಿಬೀಜ, ಸೋಯಾ ಹೆಸರು ಹುಡುಕಿ.

ಕಲ್ಯಾಣದುರ್ಗದ ಹೊಲಗಳ ಕಡಲೆಕಾಯಿ ಜಿಎಂ ಅಲ್ಲ. ಗಾಣದ ಎಣ್ಣೆಗೆ ಬೆಲೆ ಜಾಸ್ತಿ, ನಿಜ. ತಿಂಗಳಿಗೆ ಐದು ಲೀಟರ್ ಕೊಳ್ಳುವ ಮನೆಯವರು ಒಂದು ಲೀಟರಾದರೂ ಅದನ್ನೇ ತರಲಿ. ಮಳೆ ನಂಬಿ ಬಿತ್ತುವವರು ನಮ್ಮವರೇ ಅಲ್ಲವೇ?