ಘಟ್ಟದ ಮೇಲಿನವರಿಗೆ ಸೈಕಲ್ ಏಕೆ ಬೇಡ?

ಬೆಳಗಿನ ಆರು ಗಂಟೆಗೆ ನಮ್ಮ ತಾಲ್ಲೂಕು ಕೇಂದ್ರದ ಆಟದ ಬಯಲಿನ ಬಳಿ ನಿಂತರೆ ಒಂದು ವಿಚಿತ್ರ ದೃಶ್ಯ ಕಾಣಸಿಗುತ್ತದೆ. ಬಯಲಿನ ಹೊರಗೆ ಕಾರು, ಸ್ಕೂಟರುಗಳ ಸಾಲು. ಒಳಗೆ ಅವುಗಳ ಒಡೆಯರು ವೈದ್ಯರ ಅಪ್ಪಣೆಯಂತೆ ಸುತ್ತು ಹಾಕುತ್ತಿರುತ್ತಾರೆ. ಎರಡು ಕಿಲೋಮೀಟರ್ ನಡೆಯುವುದಕ್ಕಾಗಿ ಮೂರು ಕಿಲೋಮೀಟರ್ ದೂರ ಪೆಟ್ರೋಲು ಸುಟ್ಟು ಬಂದವರು ನಾವು. ‘ನಾವು’ ಎನ್ನಲು ಕಾರಣವಿದೆ. ಮೂರು ವರ್ಷಗಳ ಹಿಂದೆ, ರಕ್ತದಲ್ಲಿ ಸಕ್ಕರೆಯ ಅಂಶ ಏರಿದೆಯೆಂದು ತಿಳಿದ ಮೇಲೆ, ಆ ಸಾಲಿನಲ್ಲಿ ನನ್ನ ಸ್ಕೂಟರೂ ನಿಲ್ಲುತ್ತಿತ್ತು.

ನನ್ನ ತಂದೆಯವರ ಕಾಲದಲ್ಲಿ ವ್ಯಾಯಾಮವೆಂಬುದು ಬೇರೆಯಾಗಿ ಮಾಡಬೇಕಾದ ಕೆಲಸವಾಗಿರಲಿಲ್ಲ. ತೋಟಕ್ಕೆ ಇಳಿದು ಹತ್ತುವುದು, ಬೆಟ್ಟದಿಂದ ಸೊಪ್ಪಿನ ಹೊರೆ ತರುವುದು, ಸಂತೆಗೆ ನಡೆದು ಹೋಗಿಬರುವುದು, ಇವೆಲ್ಲ ದಿನಚರಿಯೇ ಆಗಿದ್ದವು. ಈ ಶ್ರಮಗಳನ್ನು ನಾವು ಒಂದೊಂದಾಗಿ ಯಂತ್ರಗಳಿಗೆ ಒಪ್ಪಿಸಿದೆವು. ಕೆಲಸಕ್ಕೆ ಜನ ಸಿಗದ ಈ ಕಾಲದಲ್ಲಿ ಅಡಿಕೆ ಸುಲಿಯುವ ಯಂತ್ರವನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಆದರೆ ಎರಡು ಕಿಲೋಮೀಟರ್ ದೂರದ ಹಾಲಿನ ಡೈರಿಗೆ ಹೋಗಲು ಯಂತ್ರವನ್ನು ನೆಚ್ಚಿ, ಹಾಗೆ ಉಳಿದ ಕಾಲುಗಳನ್ನು ದಣಿಸಲು ಮತ್ತೆ ಯಂತ್ರವನ್ನೇರಿ ಪೇಟೆಗೆ ಹೋಗುವುದರಲ್ಲಿ ಏನೋ ತಪ್ಪಿದೆ ಎಂಬುದನ್ನು ಒಪ್ಪಿಕೊಳ್ಳಲೇಬೇಕು.

ಹಾಗಾದರೆ ಸೈಕಲ್ ತುಳಿಯಬಹುದಲ್ಲ ಎಂದರೆ ನಮ್ಮ ಕಡೆ ಸಿದ್ಧ ಉತ್ತರವೊಂದಿದೆ: “ಬಯಲುಸೀಮೆಯಾದರೆ ಸರಿ, ಈ ಏರಿಳಿತದ ಊರಿನಲ್ಲಿ ಸೈಕಲ್ ಯಾರು ತುಳಿಯುತ್ತಾರೆ?” ಈ ಮಾತನ್ನು ನಾನೂ ಬಹುಕಾಲ ನಂಬಿದ್ದೆ. ಈಗ ನನ್ನ ಅಭಿಪ್ರಾಯ ಬದಲಾಗಿದೆ. ತಪ್ಪು ನಮ್ಮ ಗುಡ್ಡಗಳದಲ್ಲ. ಗುಡ್ಡಕ್ಕೆ ಒಗ್ಗದ ಸೈಕಲನ್ನು ತಂದು, ಅದು ಏರದಿದ್ದಾಗ ಗುಡ್ಡವನ್ನು ದೂರುವ ನಮ್ಮದು.

ಈ ತಪ್ಪನ್ನು ಸ್ವತಃ ಮಾಡಿಯೇ ಕಲಿತೆ. ಮೊದಲ ಬಾರಿ ಸೈಕಲ್ ಕೊಳ್ಳಲು ನಗರದ ಅಂಗಡಿಯೊಂದಕ್ಕೆ ಹೋದಾಗ, ಗುಡ್ಡಗಾಡಿನವನೆಂದು ತಿಳಿದೊಡನೆ ಮಾರಾಟಗಾರರು ತೋರಿಸಿದ್ದು ಭಾರಿ ದಪ್ಪನೆಯ ಟಯರಿನ, ಮುಂದೆಯೂ ಹಿಂದೆಯೂ ಶಾಕ್ ಅಬ್ಸಾರ್ಬರ್ ಇದ್ದ ಸೈಕಲ್. ನೋಡಲು ಮೋಟಾರ್ ಬೈಕಿನಂತೆಯೇ ಇತ್ತು. ಆದರೆ ಅದಕ್ಕೆ ಇದ್ದದ್ದು ಒಂದೇ ಗಿಯರ್. ಮನೆಗೆ ತಂದ ಮರುದಿನವೇ ಡೈರಿಯ ಏರಿನಲ್ಲಿ ಇಳಿದು ತಳ್ಳಿದೆ. ತುಳಿದಾಗಲೆಲ್ಲ ಸ್ಪ್ರಿಂಗು ಕುಸಿದು, ಕಾಲಿನ ಬಲದ ಒಂದು ಪಾಲನ್ನು ಅದೇ ನುಂಗುತ್ತಿತ್ತು. ಎರಡು ವಾರದಲ್ಲಿ ಮೊಣಕಾಲು ನೋವು ಆರಂಭವಾಯಿತು. ಆ ಸೈಕಲ್ ಒಂದು ಮಳೆಗಾಲವನ್ನು ಕೊಟ್ಟಿಗೆಯ ಮಾಡಿನಡಿ ಕಳೆದು, ತುಕ್ಕು ಹಿಡಿದು, ಅರ್ಧ ಬೆಲೆಗೂ ಹೋಗಲಿಲ್ಲ.

ಅನಂತರ ಕಾಗದ, ಪೆನ್ಸಿಲು ಹಿಡಿದು ಕುಳಿತೆ. ನೂರು ಮೀಟರ್ ಸಾಗುವಷ್ಟರಲ್ಲಿ ಎಂಟು ಮೀಟರ್ ಎತ್ತರಕ್ಕೆ ಏರುವ ರಸ್ತೆ ನಮ್ಮಲ್ಲಿ ಅಪರೂಪವೇನಲ್ಲ. ಸವಾರ ಮತ್ತು ಸೈಕಲ್ ಸೇರಿ 87 ಕಿಲೋ ಎಂದಿಟ್ಟುಕೊಳ್ಳೋಣ. ನಡುವಯಸ್ಸಿನ ಸಾಧಾರಣ ವ್ಯಕ್ತಿ ಸ್ವಲ್ಪ ಹೊತ್ತು ಬಿಡದೆ ನೀಡಬಲ್ಲ ಶಕ್ತಿ ಸುಮಾರು 100 ವಾಟ್. ಅಷ್ಟು ಶಕ್ತಿಯಲ್ಲಿ ಆ ಏರನ್ನು ಹತ್ತುವ ವೇಗ ಗಂಟೆಗೆ ಸುಮಾರು 5 ಕಿಲೋಮೀಟರ್, ಅಂದರೆ ನಡಿಗೆಯ ವೇಗ. ಯಾವ ಸೈಕಲ್ ತಂದರೂ ಈ ಲೆಕ್ಕ ಹೆಚ್ಚು ಬದಲಾಗದು.

ಬದಲಾಗುವುದು ಕಾಲಿನ ಮೇಲೆ ಬೀಳುವ ಭಾರ. ಪೆಡಲಿನ ಬಳಿ 44 ಹಲ್ಲು, ಹಿಂದಿನ ಚಕ್ರದಲ್ಲಿ 18 ಹಲ್ಲು ಇರುವ, 28 ಇಂಚಿನ ಚಕ್ರದ ಹಳೆಯ ಮಾದರಿಯ ಸೈಕಲನ್ನು ತೆಗೆದುಕೊಳ್ಳಿ. ಪೆಡಲು ಒಂದು ಸುತ್ತು ತಿರುಗಿದರೆ ಅದು ಸುಮಾರು 5.4 ಮೀಟರ್ ಮುಂದೆ ಹೋಗುತ್ತದೆ. ಸಪಾಟು ರಸ್ತೆಗೆ ಇದು ಸೊಗಸಾದ ಏರ್ಪಾಡು. ಆದರೆ ಮೇಲೆ ಹೇಳಿದ ಏರಿನಲ್ಲಿ ಪೆಡಲು ನಿಮಿಷಕ್ಕೆ ಹದಿನೈದೇ ಸುತ್ತು ತಿರುಗುತ್ತದೆ. ಪ್ರತಿ ಕ್ಷಣವೂ ಸರಾಸರಿ 38 ಕಿಲೋದಷ್ಟು ಒತ್ತಬೇಕಾಗುತ್ತದೆ. ಪೆಡಲು ಅಡ್ಡಲಾಗಿ ಬಂದಾಗ ಮೈಯ ಬಹುಪಾಲು ಭಾರವನ್ನು ಹಾಕಬೇಕಾಗುತ್ತದೆ. ಮುಂದೆ 22, ಹಿಂದೆ 34 ಹಲ್ಲಿನ ಜೋಡಿ ಇರುವ 26 ಇಂಚಿನ ಗಿಯರ್ ಸೈಕಲಿನಲ್ಲಿ ಒಂದು ಸುತ್ತಿಗೆ ಸಾಗುವುದು ಸುಮಾರು 1.3 ಮೀಟರ್ ಮಾತ್ರ. ಅದೇ ಏರು, ಅದೇ ವೇಗ, ಅದೇ ಶ್ರಮ. ಆದರೆ ನಿಮಿಷಕ್ಕೆ ಅರವತ್ತು ಸುತ್ತು, ಕಾಲಿನ ಒತ್ತಡ ಹತ್ತು ಕಿಲೋದಷ್ಟು. ಒಂದು ಸೈಕಲಿನಲ್ಲಿ ಮೊಣಕಾಲು ಸೋಲುತ್ತದೆ, ಇನ್ನೊಂದರಲ್ಲಿ ಹೃದಯ ಮತ್ತು ಶ್ವಾಸಕೋಶಗಳಿಗೆ ಹದವಾದ ವ್ಯಾಯಾಮ ದೊರೆಯುತ್ತದೆ.

ಆದುದರಿಂದ ಮಲೆನಾಡಿನವರು ಸೈಕಲ್ ಕೊಳ್ಳುವಾಗ ಮೊದಲು ನೋಡಬೇಕಾದದ್ದು ಬಣ್ಣವನ್ನಲ್ಲ, ಗಿಯರುಗಳ ಒಟ್ಟು ಸಂಖ್ಯೆಯನ್ನೂ ಅಲ್ಲ. ಮುಂದಿನ ಅತಿ ಚಿಕ್ಕ ಹಲ್ಲುಗಾಲಿ ಹಿಂದಿನ ಅತಿ ದೊಡ್ಡ ಹಲ್ಲುಗಾಲಿಗಿಂತ ಚಿಕ್ಕದಿದೆಯೇ ಎಂಬುದನ್ನು ಹಲ್ಲು ಎಣಿಸಿಯೇ ನೋಡಬೇಕು. ಎರಡು ಮೂರು ಕಿಲೋ ಹಗುರವಾದ ಸೈಕಲಿಗೆ ದುಪ್ಪಟ್ಟು ಹಣ ತೆರುವುದಕ್ಕಿಂತ ಈ ಎಣಿಕೆ ಹೆಚ್ಚು ಲಾಭದಾಯಕ. ಒಟ್ಟು ಭಾರದಲ್ಲಿ ಐದು ಕಿಲೋ ಇಳಿಸಿದರೆ ಏರು ನೂರಕ್ಕೆ ಆರರಷ್ಟು ಹಗುರವಾಗುತ್ತದೆ. ಮೇಲಿನ ಗಿಯರು ಕಾಲಿನ ಭಾರವನ್ನು ನಾಲ್ಕನೇ ಒಂದಕ್ಕೆ ಇಳಿಸಿತು.

ಎರಡನೆಯದು ಅಳತೆ. ಸೈಕಲಿನ ಅಡ್ಡ ಬಾರಿನ ಇಕ್ಕೆಲಗಳಲ್ಲಿ ಕಾಲಿಟ್ಟು ನೆಲದ ಮೇಲೆ ನಿಂತಾಗ ಬಾರಿಗೂ ಮೈಗೂ ನಡುವೆ ಎರಡು ಮೂರು ಬೆರಳಾದರೂ ಅಂತರವಿರಬೇಕು. ಸೀಟಿನ ಮೇಲೆ ಕುಳಿತು ಹಿಮ್ಮಡಿಯನ್ನು ಕೆಳಗಿನ ಪೆಡಲಿನ ಮೇಲಿಟ್ಟಾಗ ಕಾಲು ಪೂರ್ತಿ ನೀಳವಾಗಬೇಕು. ಆಗ ಮುಂಗಾಲಿನಿಂದ ತುಳಿಯುವಾಗ ಮೊಣಕಾಲು ತುಸುವೇ ಬಾಗಿರುತ್ತದೆ. ಕಾಲು ನೆಲಕ್ಕೆ ಎಟುಕಲಿ ಎಂದು ನಾವು ಸೀಟನ್ನು ಪೂರ್ತಿ ಇಳಿಸಿಬಿಡುತ್ತೇವೆ. ಮೊಣಕಾಲು ನೋವಿಗೆ ಅದೂ ಒಂದು ದೊಡ್ಡ ಕಾರಣ. ಸೀರೆ ಉಡುವವರಿಗೂ ವಯಸ್ಸಾದವರಿಗೂ ಅಡ್ಡ ಬಾರಿಲ್ಲದ ಸೈಕಲ್ ಅನುಕೂಲ. ಅದನ್ನು ಹೆಂಗಸರದೆಂದು ಗಂಡಸರು ಬದಿಗಿಡಬೇಕಾದ ಅಗತ್ಯವೂ ಇಲ್ಲ.

ಮೂರನೆಯದು ಬ್ರೇಕು. ಏರಿದವರು ಇಳಿಯಲೇಬೇಕು, ಅದೂ ನಾಲ್ಕು ತಿಂಗಳು ಮಳೆಯಲ್ಲಿ. ರಿಮ್ಮನ್ನು ಹಿಡಿಯುವ ಬ್ರೇಕುಗಳು ಒದ್ದೆಯಾದಾಗ ತಡವಾಗಿ ಹಿಡಿಯುತ್ತವೆ, ಅದರಲ್ಲಿಯೂ ಹೊಳೆಯುವ ಉಕ್ಕಿನ ರಿಮ್ಮಿನ ಮೇಲೆ ತೀರಾ ಜಾರುತ್ತವೆ. ಕೆಂಪು ಮಣ್ಣಿನ ರಾಡಿ ರಿಮ್ಮನ್ನು ಸವೆಸುತ್ತದೆ. ಹಣ ಒದಗಿದರೆ ತಂತಿಯಿಂದ ಎಳೆಯುವ ಸರಳ ಡಿಸ್ಕ್ ಬ್ರೇಕು ಒಳ್ಳೆಯದು; ಊರಿನ ಸೈಕಲ್ ರಿಪೇರಿಯವರೂ ಅದನ್ನು ಸರಿಪಡಿಸಬಲ್ಲರು. ಇಲ್ಲವಾದರೆ ಅಲ್ಯೂಮಿನಿಯಂ ರಿಮ್ಮು ಇರುವುದನ್ನಾದರೂ ಆರಿಸಿಕೊಳ್ಳಬೇಕು.

ಉಳಿದುದನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಅಗ್ಗದ ಶಾಕ್ ಅಬ್ಸಾರ್ಬರ್ ಬೇಡ. 40 ಮಿಲಿಮೀಟರ್ ಆಸುಪಾಸಿನ ಅಗಲದ ಟಯರು ನಮ್ಮ ಹೊಂಡದ ರಸ್ತೆಗೂ ಮಣ್ಣಿನ ದಾರಿಗೂ ಸಾಕು. ಮಡ್‌ಗಾರ್ಡು, ಕ್ಯಾರಿಯರು, ಹಿಂದಿನ ಕೆಂಪು ದೀಪಗಳನ್ನು ಅಂಗಡಿಯಲ್ಲಿ ಹೆಚ್ಚುವರಿ ಎನ್ನುತ್ತಾರೆ. ನಮಗೆ ಅವು ಅತ್ಯವಶ್ಯ. ಹೆಲ್ಮೆಟ್ಟೂ ಅಷ್ಟೇ. ಮೊಣಕಾಲು ಈಗಾಗಲೇ ಸವೆದವರು ಬ್ಯಾಟರಿಯ ನೆರವಿನ ಸೈಕಲನ್ನು ಯೋಚಿಸಬಹುದು. 250 ವಾಟ್ ಮೀರದ, ಗಂಟೆಗೆ 25 ಕಿಲೋಮೀಟರಿಗೆ ನಿಲ್ಲುವ ಮೋಟಾರಿನ ಇಂಥ ಸೈಕಲುಗಳಿಗೆ ನೋಂದಣಿ ಬೇಕಿಲ್ಲ.

ಇನ್ನು ಆರೋಗ್ಯದ ಮಾತು. ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಹದವಾದ ಶ್ರಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಮಾತನಾಡಲು ಆಗಬೇಕು, ಹಾಡಲು ಉಸಿರು ಸಾಲಬಾರದು, ಅದೇ ಹದ. ನನಗೆ ಡೈರಿಗೆ ಹೋಗುವಾಗ ಇಳಿಜಾರು, ಏಳೆಂಟು ನಿಮಿಷ. ಬರುವಾಗ ಏರು, ಇಪ್ಪತ್ತು ನಿಮಿಷ. ಆ ಏರಿನಿಂದಲೇ ವಾರಕ್ಕೆ 140 ನಿಮಿಷವಾಯಿತು. ಸೊಸೈಟಿಗೋ ಗ್ರಂಥಾಲಯಕ್ಕೋ ಒಮ್ಮೆ ಹೋಗಿಬಂದರೆ ಲೆಕ್ಕ ತುಂಬುತ್ತದೆ. ನನ್ನ ಮಾತ್ರೆ ನಿಂತಿಲ್ಲ, ನಿಂತಿತೆಂದು ಸುಳ್ಳು ಹೇಳುವುದಿಲ್ಲ. ಆದರೆ ಈ ಎರಡು ವರ್ಷಗಳಲ್ಲಿ ಅದರ ಪ್ರಮಾಣವನ್ನು ಹೆಚ್ಚಿಸಬೇಕಾಗಿ ಬಂದಿಲ್ಲ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು, ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ಆರಂಭಿಸಬೇಕು, ಕಿಸೆಯಲ್ಲಿ ಬೆಲ್ಲದ ತುಂಡು ಇಟ್ಟುಕೊಳ್ಳಬೇಕು. ಎದೆ ಬಿಗಿದರೆ ತಕ್ಷಣ ಇಳಿದುಬಿಡಬೇಕು. ಇಳಿದು ತಳ್ಳುವುದರಲ್ಲಿ ಅವಮಾನವೇನೂ ಇಲ್ಲ.

ವ್ಯಾಯಾಮಕ್ಕೆಂದೇ ಕೊಂಡ ಸೈಕಲ್ ಬಹುಬೇಗ ಮೂಲೆ ಸೇರುತ್ತದೆ ಎಂಬುದು ನನ್ನ ಅನುಭವ. ಮನಸ್ಸಿಲ್ಲದ ದಿನ ವ್ಯಾಯಾಮವನ್ನು ಮುಂದೂಡಬಹುದು. ಹಾಲನ್ನು ಮುಂದೂಡಲು ಬಾರದು. ಕೆಲಸಕ್ಕೆ ಕಟ್ಟಿದ ಸೈಕಲ್ ಮಾತ್ರ ದಿನವೂ ಹೊರಗೆ ಬರುತ್ತದೆ. ದೇಹಕ್ಕೆ ಆರೋಗ್ಯವೂ ನಾಡಿಗೆ ಹೊಗೆಯ ಉಳಿತಾಯವೂ ಒಟ್ಟಿಗೆ ದೊರೆಯುವುದು ಅಲ್ಲಿಯೇ. ಕಾರಿನ ಮೇಲೆ ಸೈಕಲ್ ಕಟ್ಟಿಕೊಂಡು ಬಂದು ನಮ್ಮ ಕಾಡಿನ ಕಾಲುದಾರಿಗಳಲ್ಲಿ ಓಡಿಸುವ ಹವ್ಯಾಸ ಇತ್ತೀಚೆಗೆ ಬೆಳೆಯುತ್ತಿದೆ. ಮಳೆಗಾಲದಲ್ಲಿ ಆ ಚಕ್ರಗಳು ಕೊರೆದ ಗೆರೆಯೇ ನೀರಿನ ದಾರಿಯಾಗಿ ಮೇಲ್ಮಣ್ಣು ಕೊಚ್ಚಿಹೋಗುತ್ತದೆ. ಅದನ್ನು ಪರಿಸರ ಪ್ರೇಮವೆಂದು ಕರೆಯಲು ನನ್ನ ಮನಸ್ಸು ಒಪ್ಪದು.

ಅಡ್ಡಿಗಳಿಲ್ಲವೆಂದಲ್ಲ. ಮೊದಲ ವಾರ ಡೈರಿಯ ಕಟ್ಟೆಯ ಮೇಲಿನಿಂದ “ಏನ್ರೀ ಹೆಗಡೇರೇ, ಸ್ಕೂಟರ್ ಮಾರಿದ್ರಾ?” ಎಂಬ ಪ್ರಶ್ನೆ ಬಂತು. ಸೈಕಲ್ ಬಡತನದ ಗುರುತೆಂಬ ಭಾವನೆ ನಮ್ಮಲ್ಲಿ ಆಳವಾಗಿದೆ. ಅದಕ್ಕಿಂತ ದೊಡ್ಡ ಅಡ್ಡಿ ರಸ್ತೆ. ರಸ್ತೆ ಅಗಲವಾದಷ್ಟೂ ವಾಹನಗಳ ವೇಗ ಹೆಚ್ಚುತ್ತದೆ, ಅಂಚಿನ ಮರಗಳೊಡನೆ ನೆರಳೂ ಹೋಗುತ್ತದೆ, ಸೈಕಲಿನವನಿಗೆ ಚರಂಡಿಯ ಅಂಚು ಮಾತ್ರ ಉಳಿಯುತ್ತದೆ. ಹೆದ್ದಾರಿಯಲ್ಲಿ ತುಳಿಯಿರಿ ಎಂದು ನಾನು ಯಾರಿಗೂ ಹೇಳಲಾರೆ. ಊರೂರುಗಳ ನಡುವಿನ ಒಳದಾರಿಗಳು ಇನ್ನೂ ನಮ್ಮ ಕೈಯಲ್ಲಿವೆ. ಧೋ ಎಂದು ಸುರಿಯುವ ಆಷಾಢದ ದಿನಗಳಲ್ಲಿ ನಾನೂ ಸೈಕಲ್ ತೆಗೆಯುವುದಿಲ್ಲ. ವರ್ಷದಲ್ಲಿ ಎಂಟು ತಿಂಗಳು ತುಳಿದರೂ ಸಣ್ಣ ಸಂಗತಿಯಲ್ಲ.

ಕೊನೆಯದಾಗಿ ಮಕ್ಕಳ ವಿಚಾರ. 2006–07ರಲ್ಲಿ ರಾಜ್ಯ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆಯನ್ನು ಆರಂಭಿಸಿತು. ನಾಡಿಗೇ ಮಾದರಿಯಾದ ಕೆಲಸವದು. ಆದರೆ ರಾಯಚೂರಿನ ಬಯಲಿಗೂ ಶೃಂಗೇರಿಯ ಗುಡ್ಡಕ್ಕೂ ಬಂದದ್ದು ಗಿಯರಿಲ್ಲದ ಒಂದೇ ಬಗೆಯ ಸೈಕಲ್. ನಮ್ಮ ಮಕ್ಕಳು ಏರಿನುದ್ದಕ್ಕೂ ಅದನ್ನು ತಳ್ಳಿದರು; ಹಲವು ಸೈಕಲುಗಳು ಇಂದಿಗೂ ಅಟ್ಟದ ಮೇಲಿವೆ. ಅಂಥ ಯೋಜನೆ ಮತ್ತೆ ಬರುವುದಾದರೆ ಗುಡ್ಡಗಾಡಿನ ತಾಲ್ಲೂಕುಗಳಿಗೆ ಗಿಯರ್ ಸೈಕಲನ್ನೇ ಕೊಡಬೇಕೆಂದು ನಾವು ಒತ್ತಾಯಿಸಬೇಕು. ಅಲ್ಲಿಯವರೆಗೆ ಅಟ್ಟದ ಸೈಕಲನ್ನು ಕೆಳಗಿಳಿಸಿ, ಹಿಂದಿನ 18 ಹಲ್ಲಿನ ಫ್ರೀವೀಲ್ ಬದಲಿಗೆ 22 ಹಲ್ಲಿನದನ್ನು ಹಾಕಿಸಬಹುದು. ಖರ್ಚು ಅಲ್ಪ, ಕಾಲಿನ ಭಾರ ನೂರಕ್ಕೆ ಹದಿನೆಂಟರಷ್ಟು ಇಳಿಯುತ್ತದೆ. ಕಡಿದಾದ ಏರನ್ನು ಅದು ಹತ್ತದು, ಸಣ್ಣ ಏರುಗಳನ್ನು ಖಂಡಿತ ಹತ್ತುತ್ತದೆ.

ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೇ. ನಿಮ್ಮ ಮನೆಯಿಂದ ಮೂರು ಕಿಲೋಮೀಟರಿನೊಳಗೆ ವಾರದಲ್ಲಿ ಎಷ್ಟು ಬಾರಿ ಹೋಗುತ್ತೀರಿ ಎಂಬುದನ್ನು ಒಮ್ಮೆ ಬರೆದಿಟ್ಟು ನೋಡಿ. ಅವುಗಳಲ್ಲಿ ಒಂದನ್ನು, ಒಂದನ್ನು ಮಾತ್ರ, ಸೈಕಲಿಗೆ ಬಿಟ್ಟುಕೊಡಿ. ನಿಮ್ಮ ಡೈರಿಯ, ಸೊಸೈಟಿಯ ಆಡಳಿತದವರನ್ನು ಕಂಡು ಮಾಡಿನಡಿ ನಾಲ್ಕು ಸೈಕಲ್ ನಿಲ್ಲುವಷ್ಟು ಜಾಗ ಕೇಳಿ. ನಮ್ಮ ಡೈರಿಯಲ್ಲಿ ಕಳೆದ ದೀಪಾವಳಿಯ ಹೊತ್ತಿಗೆ ನನ್ನದೊಂದೇ ಸೈಕಲ್ ಇತ್ತು; ಈಗ ಮೂರಾಗಿವೆ. ಅದರಲ್ಲಿ ಒಂದು, ಸ್ಕೂಟರ್ ಮಾರಿದಿರಾ ಎಂದು ಕೇಳಿದವರದು.