ಬದುಕಿ ಬಂದವರನ್ನು ಬದುಕಲು ಬಿಡೋಣ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಬಂಧುಗಳೇ,

ನಮ್ಮ ಊರುಗಳಲ್ಲಿ ಕ್ಯಾನ್ಸರ್ ದಾಟಿ ಬಂದ ಹಿರಿಯರಿದ್ದಾರೆ. ಬೆಂಗಳೂರಿನ ಕಿದ್ವಾಯಿಗೋ, ಹುಬ್ಬಳ್ಳಿಯ ನವನಗರಕ್ಕೋ, ಮಣಿಪಾಲಕ್ಕೋ ತಿಂಗಳುಗಟ್ಟಲೆ ಅಲೆದು, ಆಪರೇಷನ್ ಮಾಡಿಸಿಕೊಂಡು, ಕೀಮೋ ಹಾಕಿಸಿಕೊಂಡು, ಕರೆಂಟು (ವಿಕಿರಣ ಚಿಕಿತ್ಸೆ) ಕೊಡಿಸಿಕೊಂಡು ಮನೆಗೆ ಮರಳಿದವರು. ಮರಳಿದ ದಿನ ದೇವರಿಗೆ ಕಾಯಿ ಒಡೆಸಿದೆವು. ‘ಹುಷಾರಾದ್ರಲ್ಲ, ಅಷ್ಟು ಸಾಕು’ ಎಂದು ನಿಟ್ಟುಸಿರುಬಿಟ್ಟೆವು. ಅಷ್ಟು ಸಾಲದು ಎಂದು ಹೇಳುವುದಕ್ಕೇ ಈ ಕರೆ.

ಗಡ್ಡೆ ಹೋದರೂ ಚಿಕಿತ್ಸೆಯ ಪೆಟ್ಟು ಮೈಯಲ್ಲಿ ಉಳಿಯುತ್ತದೆ. ಬಾಯಿಗೆ, ಗಂಟಲಿಗೆ ಕರೆಂಟು ಕೊಡಿಸಿಕೊಂಡವರಲ್ಲಿ ಜೊಲ್ಲಿನ ಗ್ರಂಥಿಗಳು ಸೊರಗುತ್ತವೆ. ಬಾಯಿ ಒಣಗುತ್ತದೆ, ಹಲ್ಲು ಹಾಳಾಗುತ್ತದೆ, ದವಡೆ ಬಿಗಿದು ಎರಡು ಬೆರಳು ತೂರುವಷ್ಟೂ ಬಾಯಿ ತೆರೆಯದೆ ಹೋಗಬಹುದು. ಆಯುಷ್ಯವಿಡೀ ಜೋಳದ ರೊಟ್ಟಿ ಉಂಡ ಅಜ್ಜ ಗಂಜಿಗೆ ಇಳಿಯುತ್ತಾನೆ. ಸಂತೆಯ ಮಿರ್ಚಿ-ಮಂಡಕ್ಕಿ ಅವನ ಪಾಲಿಗೆ ಮುಗಿಯಿತು. ಸ್ತನದ ಆಪರೇಷನ್ನಿನಲ್ಲಿ ಕಂಕುಳಿನ ಗಂಟುಗಳನ್ನು ತೆಗೆದಿದ್ದರೆ ಆ ಕಡೆಯ ತೋಳು ಬಾತುಕೊಳ್ಳಬಹುದು. ಆ ಕೈಗೆ ಸಣ್ಣ ಗಾಯವಾದರೂ ನಂಜೇರಬಹುದು. ಹೀಗಿರುವಾಗ ಚನ್ನಗಿರಿಯ ಕಡೆ ಅಡಿಕೆ ಸುಲಿದೇ ಜೀವನ ಮಾಡಿದ ಅಜ್ಜಿ ಮತ್ತೆ ಕತ್ತಿಯ ಮುಂದೆ ಕೂರುವುದು ಹೇಗೆ? ಕೆಲವು ಕೀಮೋ ಔಷಧಿಗಳಿಂದ ಪಾದಗಳು ಜೋಮು ಹಿಡಿಯುತ್ತವೆ. ಹೊನ್ನಾಳಿಯ ಗದ್ದೆ ಬದುವಿನಲ್ಲಿ ಕಾಲು ಜಾರಿದರೂ, ಜಗಳೂರಿನ ಹೊಲದಲ್ಲಿ ಜಾಲಿಮುಳ್ಳು ಚುಚ್ಚಿದರೂ ತಿಳಿಯುವುದು ತಡವಾಗಿ. ಗರ್ಭಕೊರಳಿನ ಕ್ಯಾನ್ಸರಿಗೆ ಕರೆಂಟು ಪಡೆದ ಕೆಲವು ಹೆಂಗಸರಿಗೆ ಮೂತ್ರ ತಡೆಯಲಾಗುವುದಿಲ್ಲ. ಅವರು ಮದುವೆ, ಜಾತ್ರೆಗಳಿಗೆ ಹೋಗುವುದನ್ನು ಬಿಡುತ್ತಾರೆ. ಯಾಕೆಂದು ಹೇಳುವುದಿಲ್ಲ, ನಾವೂ ಕೇಳುವುದಿಲ್ಲ.

ಇದರ ಮೇಲೆ ಮುಪ್ಪು. ಸಕ್ಕರೆ ಕಾಯಿಲೆ, ಬಿ.ಪಿ., ಮಂಡಿನೋವು, ಮಂಜಾದ ಕಣ್ಣು ಮೊದಲೇ ಇದ್ದವು. ನಲವತ್ತರ ಮೈ ಆರು ತಿಂಗಳಲ್ಲಿ ಚೇತರಿಸಿಕೊಂಡದ್ದು ಎಪ್ಪತ್ತರ ಮೈಗೆ ವರ್ಷವಾದರೂ ಆಗದಿರಬಹುದು. ‘ವಯಸ್ಸಾಯ್ತಲ್ಲ, ಇದೆಲ್ಲಾ ಇದ್ದದ್ದೇ’ ಎಂದು ನಾವು ಕೈತೊಳೆದುಕೊಳ್ಳುತ್ತೇವೆ. ಅದು ಅನ್ಯಾಯ. ಬಿಗಿದ ದವಡೆಗೆ ವ್ಯಾಯಾಮವಿದೆ, ಬಾತ ತೋಳಿಗೆ ಬಿಗಿಪಟ್ಟಿಯಿದೆ, ಮೂತ್ರ ಸೋರುವುದಕ್ಕೆ ಮದ್ದಿದೆ, ದಣಿವಿಗೆ ದಿನವೂ ತುಸು ನಡೆಯುವುದೇ ಒಳ್ಳೆಯ ಉಪಾಯ. ಹೇಳಿಕೊಡುವವರು ಹತ್ತಿರದಲ್ಲಿ ಬೇಕು, ಅಷ್ಟೆ.

ಮೈಯ ನೋವಿಗಿಂತ ನಾವು ಕೊಡುವ ನೋವು ದೊಡ್ಡದು. ಇಂದಿಗೂ ಕೆಲವು ಮನೆಗಳಲ್ಲಿ ಇವರಿಗೆ ಬೇರೆ ತಟ್ಟೆ, ಬೇರೆ ಲೋಟ. ಮೊಮ್ಮಕ್ಕಳನ್ನು ಮಡಿಲಿಗೆ ಬಿಡುವುದಿಲ್ಲ. ಕ್ಯಾನ್ಸರ್ ಅಂಟುರೋಗವಲ್ಲ. ಎಂಜಲಿನಿಂದ ಬರುವುದಿಲ್ಲ, ಮುಟ್ಟಿದರೆ ಬರುವುದಿಲ್ಲ, ಒಂದೇ ಹಾಸಿಗೆಯಲ್ಲಿ ಮಲಗಿದರೂ ಬರುವುದಿಲ್ಲ. ಇನ್ನು ಕೆಲವರು ‘ಎಲೆ-ಅಡಿಕೆ, ಹೊಗೆಸೊಪ್ಪು ಹಾಕಿ ತಾನೇ ತಂದುಕೊಂಡ’ ಎನ್ನುತ್ತಾರೆ. ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರ ವರದಿಯಲ್ಲಿ ಸ್ಪಷ್ಟವಾಗಿ ಹೇಳಿತು. ಆದರೆ ತಟ್ಟೆಯಲ್ಲಿ ಎಲೆ-ಅಡಿಕೆ ಇಟ್ಟು ನೆಂಟರನ್ನು ಬರಮಾಡಿಕೊಳ್ಳುವವರು ನಾವು. ಅದೇ ಬೆಳೆಯಿಂದ ಮನೆ ಕಟ್ಟಿದವರು, ಮಕ್ಕಳನ್ನು ಓದಿಸಿದವರು ನಮ್ಮಲ್ಲೇ ಎಷ್ಟೋ ಮಂದಿ. ಬೆಳೆದ ಹಣ ಎಲ್ಲರದು, ಬಂದ ರೋಗ ಮಾತ್ರ ಆ ಮುದುಕನದು ಎನ್ನುವ ನ್ಯಾಯ ಯಾವುದು?

ಯುರೋಪಿನ ಕ್ಯಾನ್ಸರ್ ತಜ್ಞರು 1993ರಲ್ಲಿ 30 ಪ್ರಶ್ನೆಗಳ ಪಟ್ಟಿಯೊಂದನ್ನು ಪ್ರಕಟಿಸಿದರು. ನಡೆಯಲು ಕಷ್ಟವಾಗುತ್ತದೆಯೇ, ಉಣ್ಣಲು ಉಡಲು ಇನ್ನೊಬ್ಬರು ಬೇಕೇ, ನಿದ್ದೆ ಬರುತ್ತದೆಯೇ, ಚಿಂತೆ ಕಾಡುತ್ತದೆಯೇ, ಕಾಯಿಲೆಯಿಂದ ಸಾಲಸೋಲವಾಯಿತೇ ಎಂಬಂಥ ಪ್ರಶ್ನೆಗಳು ಅದರಲ್ಲಿವೆ. ಗಡ್ಡೆಯನ್ನು ಅಳೆದರೆ ಸಾಲದು, ಬದುಕನ್ನೂ ಅಳೆಯಬೇಕು ಎಂದು ವೈದ್ಯಲೋಕವೇ ಒಪ್ಪಿಕೊಂಡಿದೆ. ಇವನ್ನು ಕೇಳಲು ಡಾಕ್ಟರೇ ಬೇಕಿಲ್ಲ. ಮಗ ಕೇಳಬಹುದು, ಸೊಸೆ ಕೇಳಬಹುದು, ಆಶಾ ಕಾರ್ಯಕರ್ತೆ ಕೇಳಬಹುದು.

ಇನ್ನು ದಾರಿಯ ಮಾತು. ಈ ನಾಲ್ಕು ತಾಲ್ಲೂಕು ಕೇಂದ್ರಗಳಲ್ಲಿ ಒಂದಕ್ಕೂ ರೈಲಿಲ್ಲ. 2023ರ ಶಕ್ತಿ ಯೋಜನೆಯಿಂದ ಅಜ್ಜಿಗೆ ಬಸ್ ಚಾರ್ಜಿಲ್ಲ, ಅಜ್ಜನಿಗೆ ಇದೆ. ಸಂಧ್ಯಾ ಸುರಕ್ಷಾ ಪಿಂಚಣಿಯ ತಿಂಗಳ 1,200 ರೂಪಾಯಿಯಲ್ಲಿ ಅವನು ಎಷ್ಟು ಸಲ ಬೆಂಗಳೂರಿಗೆ ಹೋಗಿಬಂದಾನು? ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಆಸ್ಪತ್ರೆಯ ಚಿಕಿತ್ಸೆಗೆ ಆಸರೆಯಾಗಿದೆ, ನಿಜ. ಆಸ್ಪತ್ರೆಯಿಂದ ಬಿಡುಗಡೆಯಾದ ಮೇಲಿನ ವರ್ಷಗಳಿಗೆ ಆಸರೆ ಯಾರು? ಚೆಕಪ್ ತಪ್ಪಿಸಿಕೊಳ್ಳುವವರನ್ನು ಉದಾಸೀನದವರೆಂದು ಬೈಯುವ ಮೊದಲು ಈ ಲೆಕ್ಕ ಹಾಕೋಣ.

ಇರುವ ಹಕ್ಕುಗಳೂ ಅವರಿಗೆ ಮುಟ್ಟಿಲ್ಲ. ಧ್ವನಿಪೆಟ್ಟಿಗೆ ತೆಗೆಸಿಕೊಂಡು ಮಾತು ಕಳೆದುಕೊಂಡವರನ್ನು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೆಸರಿಸಿಯೇ ಗುರುತಿಸಿದೆ. ಕಾರ್ಡು ಮಾಡಿಸಿಕೊಡಲು ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಚಿಕಿತ್ಸೆಗೆ ಮಾತ್ರವಲ್ಲ, ಚೆಕಪ್ಪಿಗೆ ಹೋಗುವ ಕ್ಯಾನ್ಸರ್ ರೋಗಿಗೂ ಆಸ್ಪತ್ರೆಯ ಸರ್ಟಿಫಿಕೇಟ್ ಇದ್ದರೆ ರೈಲಿನಲ್ಲಿ ರಿಯಾಯಿತಿಯಿದೆ. ಜೊತೆಗೆ ಹೋಗುವವರಿಗೂ ಇದೆ. ಮನಸ್ಸು ಕುಸಿದಾಗ ಟೆಲಿ ಮಾನಸ್‌ನ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು. ಈ ಸಂಗತಿಗಳನ್ನು ಹಿರಿಯರ ಬಾಗಿಲಿಗೆ ಮುಟ್ಟಿಸುವುದು ಓದುಬಲ್ಲ ಪ್ರತಿಯೊಬ್ಬನ ಕರ್ತವ್ಯ.

ನೆರೆಯ ಕೇರಳವನ್ನು ನೋಡಿ. 1993ರಲ್ಲಿ ಕೋಳಿಕ್ಕೋಡಿನ ವೈದ್ಯಕೀಯ ಕಾಲೇಜಿನಲ್ಲಿ ಸಣ್ಣದಾಗಿ ಶುರುವಾದ ನೋವು ಶಮನದ ಕೆಲಸವನ್ನು ಊರವರೇ ಕೈಗೆತ್ತಿಕೊಂಡರು. ಅಂಗಡಿಯವರು, ಮೇಷ್ಟ್ರುಗಳು, ವಿದ್ಯಾರ್ಥಿಗಳು ಮನೆಮನೆಗೆ ಹೋದರು. 2008ರಲ್ಲಿ ಸರ್ಕಾರ ಅದನ್ನೇ ನೀತಿಯಾಗಿಸಿ ಪಂಚಾಯಿತಿಗಳಿಗೆ ಹೊಣೆ ಕೊಟ್ಟಿತು. ಪಂಚಾಯಿತಿ ನಮ್ಮಲ್ಲೂ ಇದೆ, ಮೇಷ್ಟ್ರುಗಳೂ ಇದ್ದಾರೆ. ಇಲ್ಲದಿರುವುದು ಸಂಕಲ್ಪ ಮಾತ್ರ.

ಆದ್ದರಿಂದ ಕೇಳುತ್ತಿದ್ದೇನೆ. ಶಾಸಕರೇ, ಅಧಿಕಾರಿಗಳೇ, ನಾಲ್ಕೂ ತಾಲ್ಲೂಕು ಆಸ್ಪತ್ರೆಗಳಲ್ಲಿ ತಿಂಗಳಿಗೆ ಒಂದು ದಿನವನ್ನಾದರೂ ಕ್ಯಾನ್ಸರ್ ದಾಟಿದವರಿಗಾಗಿ ಮೀಸಲಿಡಿ. ಅಂದು ದಂತವೈದ್ಯರು, ಫಿಸಿಯೋಥೆರಪಿಯವರು, ಸಮಾಧಾನದ ಮಾತಾಡಬಲ್ಲವರು ಅಲ್ಲಿರಲಿ. ದೊಡ್ಡಾಸ್ಪತ್ರೆಯ ವೈದ್ಯರೇ, ಬಿಡುಗಡೆಯ ದಿನ ಮುಂದೇನು ಮಾಡಬೇಕೆಂದು ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ಒಂದು ಹಾಳೆ ಬರೆದುಕೊಡಿ. ಅಡಿಕೆ ಸಹಕಾರ ಸಂಘಗಳೇ, ಲಾಭದ ಒಂದು ಪಾಲನ್ನು ಇವರ ಹಲ್ಲಿಗೆ, ಬಿಗಿಪಟ್ಟಿಗೆ, ಬಸ್ ಚಾರ್ಜಿಗೆ ತೆಗೆದಿಡಿ. ಹೊನ್ನಾಳಿಯ ಹಿರೇಕಲ್ಮಠದಲ್ಲಿ, ನ್ಯಾಮತಿಯ ಸೂರಗೊಂಡನಕೊಪ್ಪದಲ್ಲಿ ಜನ ಸೇರುವ ದಿನಗಳಂದು, ಕ್ಯಾನ್ಸರ್ ಅಂಟುವುದಿಲ್ಲ ಎಂಬ ಮಾತು ವೇದಿಕೆಯಿಂದಲೇ ಮೊಳಗಲಿ. ಗುರುಗಳ ಬಾಯಿಂದ ಬಂದ ಮಾತನ್ನು ನಮ್ಮ ಜನ ನಂಬುತ್ತಾರೆ.

ಮನೆಯವರೇ, ನಿಮ್ಮಲ್ಲಿ ನನ್ನ ಬೇಡಿಕೆ ಎಲ್ಲಕ್ಕಿಂತ ದೊಡ್ಡದು. ಬೇರೆ ತಟ್ಟೆಯನ್ನು ಇಂದೇ ತೆಗೆಯಿರಿ. ಅವರು ನುಂಗಬಲ್ಲ ಹಾಗೆ ಮುದ್ದೆಯನ್ನು ತೆಳ್ಳಗೆ, ಸಾರನ್ನು ಖಾರವಿಲ್ಲದೆ ಮಾಡಿ, ಪಂಕ್ತಿಯಲ್ಲೇ ಕೂರಿಸಿಕೊಂಡು ಉಣ್ಣಿ, ನಿಧಾನವಾದರೆ ಕಾಯಿರಿ. ಹೊಲದ ಲೆಕ್ಕ, ಮದುವೆಯ ಮಾತುಕತೆ, ಮನೆಯ ತೀರ್ಮಾನಗಳಿಂದ ಅವರನ್ನು ಹೊರಗಿಡಬೇಡಿ. ಮುಂದಿನ ಚೆಕಪ್ಪಿನ ತಾರೀಕು ಗೋಡೆಯ ಕ್ಯಾಲೆಂಡರಿನಲ್ಲಿರಲಿ, ಜೊತೆಗೆ ಹೋಗುವವರ ಹೆಸರೂ ಅಲ್ಲೇ ಇರಲಿ. ಸಾವಿನ ಬಾಯಿಂದ ಅವರನ್ನು ಬಿಡಿಸಿಕೊಳ್ಳಲು ಜಮೀನು ಅಡವಿಟ್ಟವರು ನಾವು. ಅಷ್ಟು ಕಷ್ಟಪಟ್ಟು ಉಳಿಸಿಕೊಂಡ ಜೀವವನ್ನು ಮೂಲೆಗೆ ತಳ್ಳುವ ಹಕ್ಕು ನಮಗಿಲ್ಲ. ಉಳಿದ ವರ್ಷ ಎರಡಾಗಲಿ, ಇಪ್ಪತ್ತಾಗಲಿ, ಅದು ಅವರ ಪೂರ್ತಿ ಬದುಕು. ಅದನ್ನು ಅವರಿಗೆ ಪೂರ್ತಿಯಾಗಿಯೇ ಕೊಡೋಣ.